ತುರಿಕೆ ನಿಂತಿತು ಸರಿ, ಕಾಯಿಲೆ ಹೋಯಿತಾ?

"ಹೋದ ಸಲ ಹಾಕಿದ್ರಲ್ಲ, ಅದೇ ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ. ಸಂಜೆಗೆಲ್ಲ ಸರಿಹೋಗಿತ್ತು."

ಈ ಮಾತು ಕೇಳದ ವಾರ ಇಲ್ಲ, ಮಳೆಗಾಲದಲ್ಲಂತೂ ಕೇಳದ ದಿನ ಇಲ್ಲ. ಹೋದ ಸಲ ಹಾಕಿದ್ದು ನಾನಲ್ಲ. ಯಾರೋ ಹಾಕಿದ್ದಾರೆ. ಏನು ಹಾಕಿದರು ಅಂತ ಚೀಟಿಯಲ್ಲಿ ಬರೆದಿಲ್ಲ, ಬರೆದಿದ್ದರೂ ಚೀಟಿ ಮನೆಯಲ್ಲೇ ಉಳಿದಿದೆ. ನಾಯಿ ಮಾತ್ರ ನನ್ನ ಮೇಜಿನ ಮೇಲೆ ನಿಂತು ಹಿಂಗಾಲಲ್ಲಿ ಪಕ್ಕೆ ಕೆರೆದುಕೊಳ್ಳುತ್ತಾ ಇದೆ.

ಸಂಜೆಯೊಳಗೆ ತುರಿಕೆ ನಿಲ್ಲಿಸುವ ಇಂಜೆಕ್ಷನ್ ಯಾವುದು ಅಂತ ಊಹಿಸೋದು ಕಷ್ಟ ಅಲ್ಲ. ಹೆಚ್ಚಿನ ಸಲ ಅದು ಸ್ಟೀರಾಯ್ಡ್. ತುರಿಕೆಯನ್ನು ಅದು ನಿಜವಾಗಿಯೂ ನಿಲ್ಲಿಸುತ್ತದೆ, ಅದೇ ತೊಂದರೆ. ನಿಂತಿತಲ್ಲ, ವಾಸಿಯಾಯಿತು ಅಂತ ಮನೆಯವರು ಖುಷಿಯಾಗುತ್ತಾರೆ. ಮೂರು ವಾರ ಬಿಟ್ಟು ಮತ್ತೆ ಶುರುವಾದರೆ "ಪವರ್ ಕಡಿಮೆ ಆಗಿದೆ, ಇನ್ನೊಂದು ಹಾಕಿ" ಅಂತ ಬರುತ್ತಾರೆ. ಅಳುವ ಮಗುವಿನ ಬಾಯಿ ಮುಚ್ಚಿ, ಮಗು ಸಮಾಧಾನ ಆಯ್ತು ಅಂದ ಹಾಗೆ ಇದು.

ತುರಿಕೆ ಅನ್ನೋದು ಒಂದು ಕಾಯಿಲೆಯ ಹೆಸರಲ್ಲ. ಚಿಗಟ ಕಚ್ಚಿದರೂ ತುರಿಸುತ್ತದೆ, ಕಜ್ಜಿ ಹುಳ ಸೇರಿದರೂ ತುರಿಸುತ್ತದೆ. ಬ್ಯಾಕ್ಟೀರಿಯಾ ಸೋಂಕು ಆಗಿ ಕೀವು ಗುಳ್ಳೆ ಎದ್ದರೂ ತುರಿಸುತ್ತದೆ, ಅಲರ್ಜಿ ಇದ್ದರೂ ತುರಿಸುತ್ತದೆ. ಮಳೆಗಾಲದಲ್ಲಿ ಮೈಯೆಲ್ಲ ಜಿಡ್ಡಾಗಿ ಹುಳಿ ವಾಸನೆ ಬರುವ ಯೀಸ್ಟ್ ಇದ್ದರೂ ಅಷ್ಟೇ. ಹೊರಗಿಂದ ನೋಡಿದರೆ ಎಲ್ಲವೂ ಒಂದೇ ಥರ. ಕೂದಲು ಉದುರಿದೆ, ಚರ್ಮ ಕೆಂಪಾಗಿದೆ, ಹಕ್ಕಳೆ ಕಟ್ಟಿದೆ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ "ಇದಕ್ಕೆ ಏನು ಹಚ್ಚಲಿ" ಅಂತ ಕೇಳುವವರಿಗೆ ನಾನು ಉತ್ತರ ಕೊಡದೆ ಇರೋದು ಜಂಬದಿಂದ ಅಲ್ಲ. ಫೋಟೋದಲ್ಲಿ ನನಗೂ ಗೊತ್ತಾಗಲ್ಲ.

ಇದರಲ್ಲಿ ನನಗೆ ಜಾಸ್ತಿ ಸಿಟ್ಟು ಬರಿಸುವುದು ಡೆಮೊಡೆಕ್ಸ್ ವಿಷಯ. ಇದೊಂದು ನುಸಿ, ಕೂದಲಿನ ಬೇರಿನ ಗುಳಿಯಲ್ಲಿ ವಾಸ. ಮರಿ ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಹಾಲು ಕುಡಿಯುವಾಗ ತಾಯಿಯ ಮೈಯಿಂದ ಮರಿಗೆ ದಾಟುತ್ತದೆ. ಅಂದರೆ ಆರೋಗ್ಯವಾಗಿರುವ ನಾಯಿಯ ಮೈಯಲ್ಲೂ ಸ್ವಲ್ಪ ಇದ್ದೇ ಇರುತ್ತದೆ, ಯಾರಿಗೂ ತೊಂದರೆ ಇಲ್ಲ. ಮೈಯ ರೋಗನಿರೋಧಕ ಶಕ್ತಿ ಅದನ್ನು ಅದರ ಜಾಗದಲ್ಲಿ ಇಟ್ಟಿರುತ್ತದೆ. ಆ ಶಕ್ತಿ ಕುಗ್ಗಿದಾಗ ನುಸಿ ಸಿಕ್ಕಾಪಟ್ಟೆ ಹೆಚ್ಚಿಕೊಂಡು, ಮೊದಲು ಕಣ್ಣಿನ ಸುತ್ತ, ಮೂತಿ, ಮುಂಗಾಲು, ಆಮೇಲೆ ಇಡೀ ಮೈ ಬೋಳಾಗುತ್ತದೆ. ಈಗ ಹೇಳಿ, ಸ್ಟೀರಾಯ್ಡ್ ಏನು ಮಾಡುತ್ತದೆ? ಅದೇ ಶಕ್ತಿಯನ್ನು ತಗ್ಗಿಸುತ್ತದೆ. ಕೆಂಪು ಕಡಿಮೆಯಾಗುತ್ತದೆ, ನಾಯಿ ರಾತ್ರಿ ನೆಮ್ಮದಿಯಾಗಿ ಮಲಗುತ್ತದೆ, ಒಳಗೆ ನುಸಿ ಹಬ್ಬ ಮಾಡುತ್ತಿರುತ್ತದೆ. ಮುಖದ ಮೇಲೆ ರೂಪಾಯಿ ಅಗಲ ಇದ್ದದ್ದು, ಎಷ್ಟೋ ಮರಿಗಳಲ್ಲಿ ತಾನಾಗಿಯೇ ವಾಸಿಯಾಗುವಂಥದ್ದು, ಎರಡು ಮೂರು ಇಂಜೆಕ್ಷನ್ ಆದ ಮೇಲೆ ಮೈತುಂಬ ಕೀವು ಸೋರುವ ಸ್ಥಿತಿಗೆ ಬಂದು ನನ್ನ ಮುಂದೆ ನಿಂತಿರುತ್ತದೆ.

ಇದನ್ನು ಕಂಡುಹಿಡಿಯಲು ದೊಡ್ಡ ಲ್ಯಾಬ್ ಬೇಕಾಗಿಲ್ಲ. ಚರ್ಮವನ್ನು ಬೆರಳಲ್ಲಿ ಹಿಂಡಬೇಕು, ಗುಳಿಯೊಳಗಿನ ನುಸಿ ಮೇಲೆ ಬರಲಿ ಅಂತ. ಬ್ಲೇಡಿಗೆ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್ ಹಾಕಿಕೊಂಡು, ಸಣ್ಣಗೆ ರಕ್ತ ಜಿನುಗುವ ತನಕ ಕೆರೆಯಬೇಕು. ಆ ಜಿಡ್ಡನ್ನು ಗಾಜಿನ ಪಟ್ಟಿಗೆ ಹಚ್ಚಿ ಮೈಕ್ರೋಸ್ಕೋಪ್ ಕೆಳಗಿಟ್ಟರೆ ಆಯಿತು. ಉದ್ದನೆಯ ಮೈ, ಮುಂದುಗಡೆ ಎಂಟು ಗಿಡ್ಡ ಕಾಲು. ಅಷ್ಟೇ ಕೆಲಸ. ಆದರೆ "ಟೆಸ್ಟ್" ಅಂದ ತಕ್ಷಣ ಮನೆಯವರ ಮುಖ ಬದಲಾಗುತ್ತದೆ. "ಇಂಜೆಕ್ಷನ್‌ಗೆ ಅಂತ ಬಂದ್ವಿ, ನೀವು ಟೆಸ್ಟು ಅಂತೀರಿ." ಇಂಜೆಕ್ಷನ್‌ಗೆ ಮೇಲಿಂದ ಮೇಲೆ ಕೊಟ್ಟ ದುಡ್ಡಿನ ಲೆಕ್ಕ ಯಾರೂ ಹಾಕುವುದಿಲ್ಲ.

ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕೆಂಚನನ್ನು ಕರೆತಂದಿದ್ದರು. ಬೀದಿಯಲ್ಲಿ ಸಿಕ್ಕಿದ ನಾಯಿ, ಬಣ್ಣಕ್ಕೆ ತಕ್ಕ ಹೆಸರು, ಆದರೆ ಅವತ್ತು ಆ ಬಣ್ಣದ ಕೂದಲು ಬೆನ್ನಿನ ಮೇಲೆ ಒಂದು ಪಟ್ಟಿ ಮಾತ್ರ ಉಳಿದಿತ್ತು. ಮೇಷ್ಟ್ರು ಟೆಸ್ಟ್ ಬೇಡ ಅಂತ ಅರ್ಧ ಗಂಟೆ ವಾದ ಮಾಡಿದರು, ಬಹಳ ಚೆನ್ನಾಗಿಯೇ ಮಾಡಿದರು. ಕೊನೆಗೆ ನಾನು ಕೆರೆದು, ಅವರನ್ನೇ ಕರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಅಂದೆ. ಕನ್ನಡಕ ಹಣೆಗೇರಿಸಿ ಬಗ್ಗಿದವರು ಎದ್ದೇಳಲೇ ಇಲ್ಲ. "ಅಯ್ಯೋ, ಕಾಲು ಆಡಿಸ್ತಾ ಇದೆಯಲ್ರೀ!" ಆಮೇಲೆ ಹೊರಗೆ ಕೂತಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಒಳಗೆ ಕಳಿಸಿ ತೋರಿಸಿದರು, ಪಾಠ ಮಾಡುವ ಅಭ್ಯಾಸ ಎಲ್ಲಿ ಹೋಗುತ್ತದೆ. ಆ ದಿನದಿಂದ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ.

ಮಾತ್ರೆ ತಪ್ಪಿಸೋದು ಇದೇ ಮೂರ್ಖತನದ ಇನ್ನೊಂದು ಮುಖ. ಕೂದಲು ಬಂದ ತಕ್ಷಣ ಔಷಧಿ ನಿಲ್ಲಿಸುತ್ತಾರೆ. ಕೂದಲು ಬರೋದಕ್ಕೂ ನುಸಿ ಹೋಗೋದಕ್ಕೂ ಒಂದೇ ದಿನ ಇಟ್ಟುಕೊಂಡಿಲ್ಲ. ಡೆಮೊಡೆಕ್ಸ್‌ಗೆ ನಾವು ತಿಂಗಳಿಗೊಮ್ಮೆ ಕೆರೆದು ನೋಡುತ್ತೇವೆ. ಒಂದಾದ ಮೇಲೊಂದು ಎರಡು ಸಲ ಏನೂ ಸಿಗದೆ ಇದ್ದರೆ ಮಾತ್ರ ನಿಲ್ಲಿಸುವ ಮಾತು. ನೋಡೋಕೆ ಚೆನ್ನಾಗಿರುವ ನಾಯಿಯನ್ನು ಮತ್ತೆ ಯಾಕೆ ಕೆರೆಯುತ್ತೀರಿ ಅಂತ ಕೇಳುತ್ತಾರೆ. ನೋಡೋಕೆ ಚೆನ್ನಾಗಿದೆ ಅಂತಲೇ ಕೆರೆಯೋದು.

ಕಜ್ಜಿ ಬೇರೆ. ಅದು ಸಾರ್ಕಾಪ್ಟಿಸ್ ಅನ್ನುವ ಇನ್ನೊಂದು ನುಸಿ, ನಾಯಿಯಿಂದ ನಾಯಿಗೆ ಸಲೀಸಾಗಿ ಅಂಟುತ್ತದೆ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಹಿಮ್ಮಡಿ ಗಂಟು, ಇಲ್ಲೆಲ್ಲ ದಪ್ಪ ಹಕ್ಕಳೆ. ಕಿವಿಯ ತುದಿಯನ್ನು ಮಡಚಿ ಬೆರಳಲ್ಲಿ ಉಜ್ಜಿದರೆ ಎಷ್ಟೋ ನಾಯಿಗಳಲ್ಲಿ ಹಿಂಗಾಲು ತಾನಾಗಿಯೇ ಗಾಳಿಯಲ್ಲಿ ಕೆರೆಯಲು ಶುರುಮಾಡುತ್ತದೆ. ನನಗೆ ಆ ಕಾಲು ಕಂಡರೆ ಅರ್ಧ ಉತ್ತರ ಸಿಕ್ಕ ಹಾಗೆ. ಈ ನುಸಿ ಮೈಕ್ರೋಸ್ಕೋಪಿನಲ್ಲಿ ಸುಲಭವಾಗಿ ಸಿಗಲ್ಲ, ಇದ್ದರೂ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಸಿಗಲಿಲ್ಲ ಅಂತ ಇಲ್ಲ ಅನ್ನೋಕೆ ಆಗಲ್ಲ, ಅನುಮಾನದ ಮೇಲೆಯೇ ಔಷಧಿ ಕೊಡಬೇಕಾಗುತ್ತದೆ. ನಾಯಿಯನ್ನು ಅಪ್ಪಿಕೊಂಡು ಮಲಗುವ ಮಕ್ಕಳ ಹೊಟ್ಟೆ, ಕೈ ಮೇಲೂ ಸಣ್ಣ ಗುಳ್ಳೆ ಬರುತ್ತದೆ. ಆದರೆ ಅದು ಮನುಷ್ಯರ ಮೈಯಲ್ಲಿ ಸಂಸಾರ ಮಾಡುವ ಹುಳ ಅಲ್ಲ. ನಾಯಿಗೆ ವಾಸಿಯಾದರೆ ಸಾಮಾನ್ಯವಾಗಿ ಅವರಿಗೂ ಕಡಿಮೆಯಾಗುತ್ತದೆ. ಆಗದಿದ್ದರೆ ಚರ್ಮದ ಡಾಕ್ಟರನ್ನು ನೋಡಿ, ನನ್ನನ್ನಲ್ಲ.

ಇನ್ನೊಂದು ನಾಯಿ ನೆನಪಾಗುತ್ತದೆ, ಬ್ರೂನೋ ಅಂತ ಲ್ಯಾಬ್ರಡಾರ್. ಅವನು ಚರ್ಮದ ತೊಂದರೆ ಅಂತ ಬಂದವನೇ ಅಲ್ಲ. "ನೀರು ಸಿಕ್ಕಾಪಟ್ಟೆ ಕುಡೀತಾನೆ, ಹಾಲ್‌ನಲ್ಲೇ ಉಚ್ಚೆ ಹೊಯ್ತಾನೆ, ಶುಗರ್ ಇರಬಹುದಾ?" ಹೊಟ್ಟೆ ಜೋತುಬಿದ್ದಿತ್ತು. ಹೊಟ್ಟೆಯ ಚರ್ಮ ಎಷ್ಟು ತೆಳ್ಳಗಾಗಿತ್ತು ಅಂದರೆ ರಕ್ತನಾಳ ಎಣಿಸಬಹುದಿತ್ತು. ಕೇಳುತ್ತಾ ಹೋದರೆ, ವರ್ಷದಿಂದ ತುರಿಕೆ ಬಂದಾಗಲೆಲ್ಲ ಒಂದೊಂದು ಕಡೆ ಒಂದೊಂದು ಇಂಜೆಕ್ಷನ್ ಹಾಕಿಸಿದ್ದಾರೆ, ಜೊತೆಗೆ ಮನೆಯಲ್ಲಿ ಯಾರಿಗೋ ಕೊಟ್ಟಿದ್ದ ಮಾತ್ರೆ ಬೇರೆ. ಸ್ಟೀರಾಯ್ಡ್ ಅತಿಯಾದರೆ ಆಗುವುದೇ ಇದು. ಅದನ್ನು ಒಮ್ಮೆಗೇ ನಿಲ್ಲಿಸುವ ಹಾಗೂ ಇಲ್ಲ. ಹೊರಗಿಂದ ಬರುತ್ತಿದೆಯಲ್ಲ ಅಂತ ಮೈ ತನ್ನದೇ ಸ್ಟೀರಾಯ್ಡ್ ತಯಾರಿಸೋದನ್ನು ಬಿಟ್ಟಿರುತ್ತದೆ, ತಟ್ಟನೆ ನಿಲ್ಲಿಸಿದರೆ ನಾಯಿ ಕುಸಿದುಬೀಳಬಹುದು. ಆದ್ದರಿಂದ ಇದನ್ನು ಓದಿ ಇವತ್ತೇ ಮಾತ್ರೆ ಎಸೆಯಬೇಡಿ. ಕೊಟ್ಟವರನ್ನೇ ಕೇಳಿ ನಿಧಾನವಾಗಿ ಇಳಿಸಿ. ಬ್ರೂನೋಗೆ ಇದ್ದ ಮೂಲ ಕಾಯಿಲೆ ಏನು ಗೊತ್ತಾ? ಚಿಗಟ.

ಸ್ಟೀರಾಯ್ಡ್ ಅಂದರೆ ವಿಷ ಅಂತ ನಾನು ಹೇಳಿದೆ ಅಂತ ಆಗಬಾರದು. ನಾನೂ ಬರೆಯುತ್ತೇನೆ. ಚಿಗಟದ ಅಲರ್ಜಿಯಿಂದ ಬಾಲದ ಬುಡವನ್ನು ಕಚ್ಚಿ ಕಚ್ಚಿ ರಕ್ತ ಮಾಡಿಕೊಂಡ ನಾಯಿಗೆ ನಾಲ್ಕು ದಿನ ಕೊಟ್ಟರೆ ಅದು ಉಪಕಾರವೇ. ಮೈಯೇ ತನ್ನ ಚರ್ಮದ ಮೇಲೆ ತಿರುಗಿ ಬೀಳುವ ಕೆಲವು ಕಾಯಿಲೆಗಳಿಗೆ ಅದಿಲ್ಲದೆ ಆಗುವುದೇ ಇಲ್ಲ. ಕಾರಣ ನೋಡಿ ಕೊಡಬೇಕು, ಜೊತೆಗೆ ಕಾರಣಕ್ಕೂ ಔಷಧಿ ಆಗಬೇಕು, ಅಷ್ಟೇ.

ಚಿಗಟದ ವಿಷಯದಲ್ಲಿ "ನಮ್ಮನೇಲಿ ಚಿಗಟ ಇಲ್ಲ" ಅಂತ ಎಲ್ಲರೂ ಹೇಳುತ್ತಾರೆ, ಅವಮಾನ ಆದವರ ಹಾಗೆ. ಸೊಂಟದ ಹತ್ತಿರ ಕೂದಲು ಬಿಡಿಸಿದರೆ ಕರಿ ಪುಡಿ ಸಿಗುತ್ತದೆ. ಅದನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ. ಸುತ್ತ ಕೆಂಪಗೆ ಹರಡಿದರೆ ಅದು ಕೊಳೆಯಲ್ಲ, ಚಿಗಟದ ಹಿಕ್ಕೆ, ಅಂದರೆ ನಿಮ್ಮ ನಾಯಿಯ ರಕ್ತ. ನಾಯಿಯ ಮೈಮೇಲೆ ಇರುವುದು ಒಟ್ಟು ಲೆಕ್ಕದ ಸುಮಾರು 5% ಮಾತ್ರ, ಮಿಕ್ಕಿದ್ದು ಮೊಟ್ಟೆ, ಮರಿ, ಕೋಶವಾಗಿ ಹಾಸಿಗೆ, ಸೋಫಾ, ನೆಲದ ಸಂದಿಯಲ್ಲಿ ಇರುತ್ತದೆ. ನಾಯಿಗೆ ಮಾತ್ರ ಔಷಧಿ ಹಾಕಿ ಮನೆ ಹಾಗೇ ಬಿಟ್ಟರೆ ಸುಮ್ನೆ ದುಡ್ಡು ದಂಡ. ಉಣ್ಣೆಯೂ ಹಾಗೇ, ಗೋಡೆಯ ಬಿರುಕಲ್ಲಿ ಮೊಟ್ಟೆ ಇಡುತ್ತದೆ, ಒಂದು ಸಲಕ್ಕೆ ಸಾವಿರಗಟ್ಟಲೆ.

ಈಗ ಬೆಕ್ಕು. ಪರ್ಷಿಯನ್ ಬೆಕ್ಕು ಸಾಕುವವರು ಮೈಸೂರಿನಲ್ಲೂ ಜಾಸ್ತಿ ಆಗಿದ್ದಾರೆ, ಅದರ ಜೊತೆಗೆ ಹುಳುಕಡ್ಡಿಯೂ. ಹೆಸರಿನಲ್ಲಿ ಹುಳು ಇದ್ದರೂ ಅದು ಶಿಲೀಂಧ್ರ. ಒಂದು ಮನೆಯಲ್ಲಿ ಅಮ್ಮ, ಮಗಳು, ಅಜ್ಜಿ ಮೂವರಿಗೂ ಉಂಗುರದ ಹಾಗೆ ಕೆಂಪು ಗುರುತು. ಮೂವರೂ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾರೆ, ವಾಸಿಯಾಗುತ್ತದೆ, ಮತ್ತೆ ಬರುತ್ತದೆ. ಬೆಕ್ಕಿನ ಕಿವಿಯ ಹಿಂದೆ ಸಣ್ಣದೊಂದು ಬೋಳು ಜಾಗ ಇರೋದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದಕ್ಕೆ ಮೆಡಿಕಲ್ ಶಾಪಿನಿಂದ ತಂದ ಟ್ಯೂಬ್ ಹಚ್ಚಿದ್ದಾರೆ, ಶಿಲೀಂಧ್ರದ ಔಷಧಿ, ಬ್ಯಾಕ್ಟೀರಿಯಾ ಔಷಧಿ, ಜೋರು ಸ್ಟೀರಾಯ್ಡ್ ಮೂರೂ ಸೇರಿಸಿದ್ದು. ಮತ್ತೆ ಅದೇ ಕಥೆ. ಕೆಂಪು ಮಾಯವಾಗುತ್ತದೆ, ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ. ಬೆಕ್ಕು ಆ ಟ್ಯೂಬಿನ ಮುಕ್ಕಾಲು ಪಾಲು ನೆಕ್ಕಿಬಿಡುತ್ತದೆ ಅನ್ನೋದು ಬೇರೆ. ಉದುರಿದ ಕೂದಲಲ್ಲಿ ಇರುವ ಬೀಜಕಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಹಾಗಾಗಿ ಬೆಕ್ಕಿಗೆ ಚಿಕಿತ್ಸೆ, ಮನೆ ಶುದ್ಧಿ, ಮನೆಯವರಿಗೆ ಚಿಕಿತ್ಸೆ ಒಟ್ಟಿಗೇ ಆಗಬೇಕು.

ನಾಯಿಗೆ ತಂದ ಉಣ್ಣೆಯ ಔಷಧಿ ಉಳಿದಿದೆ ಅಂತ ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕಿನ ಮೈಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಸಾಲದು. ನಡುಕ ಬರುತ್ತದೆ, ಫಿಟ್ಸ್ ಬರುತ್ತದೆ, ಸಾಯಲೂಬಹುದು. ಡೆಟಾಲ್, ಕರ್ಪೂರ ಇವೂ ಬೇಡ. ಹಸುವಿಗೆ ಹಾಕುವ ಐವರ್‌ಮೆಕ್ಟಿನ್ ಅನ್ನು ಅಂದಾಜಿನಲ್ಲಿ ನಾಯಿಗೆ ಚುಚ್ಚುವವರಿದ್ದಾರೆ. ಕೋಲಿ ಜಾತಿಯ ನಾಯಿಗಳಿಗೆ ಅದು ಮೆದುಳಿಗೆ ಏರಿ ಜೀವಕ್ಕೇ ಬರಬಹುದು. ಸುಟ್ಟ ಇಂಜಿನ್ ಆಯಿಲ್ ಬಗ್ಗೆ ನಾನು ಏನೂ ಹೇಳುವುದಿಲ್ಲ, ಬಿಪಿ ಏರುತ್ತದೆ. ಹಾಗಂತ ಹಳಬರ ಔಷಧಿ ಎಲ್ಲ ಸುಳ್ಳು ಅಂತ ಅಲ್ಲ. ಗಂಧಕಕ್ಕೆ ನುಸಿ, ಶಿಲೀಂಧ್ರ ಎರಡನ್ನೂ ಕೊಲ್ಲುವ ಗುಣ ಇದೆ, ಸುಣ್ಣದ ಜೊತೆ ತಯಾರಿಸಿದ ಗಂಧಕದ ದ್ರಾವಣವನ್ನು ಪಶುವೈದ್ಯರು ಇವತ್ತಿಗೂ ಬಳಸುತ್ತಾರೆ. ಅಳತೆ ಗೊತ್ತಿರಬೇಕು ಅಷ್ಟೇ.

ಶಾಂಪೂ ಬರೆದುಕೊಟ್ಟರೆ 10 ನಿಮಿಷ ಮೈಮೇಲೆ ಬಿಡಿ. ಹಚ್ಚಿದ ತಕ್ಷಣ ತೊಳೆದರೆ ಮೋರಿಗೆ ಔಷಧಿ ಹಾಕಿದ ಹಾಗೆ. ಗಡಿಯಾರ ನೋಡಿಕೊಳ್ಳಿ, ಒದ್ದೆ ನಾಯಿಯನ್ನು ಹಿಡಿದುಕೊಂಡಾಗ ಎರಡು ನಿಮಿಷವೇ ಹತ್ತು ಅನ್ನಿಸುತ್ತದೆ.

ಮತ್ತೆ, ನನ್ನ ಹತ್ತಿರ ಬರುವ ಹಿಂದಿನ ದಿನ ಸ್ನಾನ ಮಾಡಿಸಬೇಡಿ. ಡಾಕ್ಟ್ರು ಏನಂದುಕೊಳ್ಳುತ್ತಾರೋ ಅಂತ ನಾಚಿಕೆಗೆ ನಾಯಿಯನ್ನು ಉಜ್ಜಿ ತೊಳೆದು, ಪೌಡರ್ ಹಾಕಿ, ಕೊರಳಿಗೆ ಹೊಸ ಬೆಲ್ಟ್ ಕಟ್ಟಿ ಕರೆತರುತ್ತಾರೆ. ಪಾಪ, ಪ್ರೀತಿಯೇ ಅದು. ಆದರೆ ನನಗೆ ಬೇಕಾಗಿರುವ ಹಕ್ಕಳೆ, ಜಿಡ್ಡು, ಕರಿ ಪುಡಿ ಎಲ್ಲ ಬಚ್ಚಲಲ್ಲಿ ಹೋಗಿರುತ್ತದೆ. ಹೇಗಿದೆಯೋ ಹಾಗೇ ಕರೆತನ್ನಿ. ಇಲ್ಲಿಯ ತನಕ ತೋರಿಸಿದ ಚೀಟಿ, ಹಚ್ಚಿದ ಟ್ಯೂಬು, ಮಾತ್ರೆಯ ಖಾಲಿ ಹಾಳೆ, ಏನಿದ್ದರೂ ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ. ಪಕ್ಕದ ಮನೆಯವರು ಹೇಳಿದ್ದು ಏನಾದರೂ ಹಚ್ಚಿದ್ದರೆ ಅದನ್ನೂ ಹೇಳಿ, ನಾನು ಬೈಯುವುದಿಲ್ಲ. ಇಂಜಿನ್ ಆಯಿಲ್ ಆಗಿದ್ದರೆ ಸ್ವಲ್ಪ ಬೈಯುತ್ತೇನೆ.