ಗ್ರೇಲಿಸ್ಟಿಂಗ್ ಹಾಕಿದರೆ ಗಿರಾಕಿಗಳ ಮೇಲ್ ಕಳೆದುಹೋಗುತ್ತಾ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮ ಫೌಂಡ್ರಿ ಇದೆ. ಮೇಲ್ ಸರ್ವರ್ ನಮ್ಮದೇ, ಪೋಸ್ಟ್‌ಫಿಕ್ಸ್ ಅನ್ನುವ ಸಾಫ್ಟ್‌ವೇರ್. ಬೆಳಿಗ್ಗೆ ಮೇಲ್ ತೆಗೆದರೆ ಸ್ಪ್ಯಾಮ್ ನಡುವೆ ಆರ್ಡರ್ ಹುಡುಕಬೇಕು. ಗ್ರೇಲಿಸ್ಟಿಂಗ್ ಹಾಕಿ ಅಂತಾರೆ. ಅದು ಬಂದ ಮೇಲನ್ನೇ ವಾಪಸ್ ಕಳಿಸುತ್ತದಂತೆ. ಪುಣೆಯ ಗಿರಾಕಿಗಳ ಆರ್ಡರ್ ಹೋದರೆ ಏನು ಗತಿ ಸರ್?

ಉತ್ತರ: ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ, ತಡವಾಗುತ್ತದೆ. ವಾಪಸ್ ಕಳಿಸುತ್ತದೆ ಅನ್ನುವುದೂ ಸರಿಯಲ್ಲ. ನಿಮ್ಮ ಸರ್ವರ್ ಆ ಮೇಲನ್ನು ಇನ್ನೂ ತೆಗೆದುಕೊಂಡೇ ಇರುವುದಿಲ್ಲ.

ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು, ಕೇಳಿದ್ದೀರಲ್ವಾ? ರಾತ್ರಿ ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ತಿರುಗಿ ಹೋಗುತ್ತದೆ ಅನ್ನುವ ನಂಬಿಕೆ. ಗ್ರೇಲಿಸ್ಟಿಂಗೂ ಹಾಗೇ. ಕಳಿಸಿದ ಸರ್ವರ್‌ನ ಐಪಿ (ಇಂಟರ್ನೆಟ್‌ನಲ್ಲಿ ಅದರ ಸಂಖ್ಯೆಯ ವಿಳಾಸ), ಕಳಿಸಿದವರ ಮೇಲ್ ವಿಳಾಸ, ನಿಮ್ಮ ವಿಳಾಸ, ಈ ಮೂರೂ ಸೇರಿ ಹೊಸದಾಗಿದ್ದರೆ ನಿಮ್ಮ ಸರ್ವರ್ 450 ಎಂಬ ಸಂಖ್ಯೆ ಹೇಳುತ್ತದೆ. 5ರಿಂದ ಶುರುವಾದರೆ ‘ಬರಲೇಬೇಡ’ ಎಂದರ್ಥ. 4 ಅಂದರೆ ‘ಆಮೇಲೆ ಬಾ’. ಸರಿಯಾದ ಸರ್ವರ್ ಆ ಮೇಲನ್ನು ತನ್ನ ಸರದಿಯಲ್ಲೇ ಇಟ್ಟುಕೊಂಡು ಮತ್ತೆ ಬರುತ್ತದೆ. ಕನಿಷ್ಠ 4–5 ದಿನ ಪ್ರಯತ್ನ ಬಿಡಬಾರದು ಅಂತ ಮೇಲ್ ಕಳಿಸುವ ನಿಯಮವೇ ಹೇಳುತ್ತದೆ. ಸರ್ವರ್ ಬರೆದಿಡುವ ದಾಖಲೆ, ಅಂದರೆ ಲಾಗ್‌ನಲ್ಲಿ ಕಣ್ಣಾರೆ ನೋಡಬಹುದು: 10:12ಕ್ಕೆ 450, 10:19ಕ್ಕೆ ಅದೇ ವಿಳಾಸ ಒಳಗೆ.

ಒಂದೇ ಏಟಿಗೆ ಲಕ್ಷಗಟ್ಟಲೆ ಮೇಲ್ ಎಸೆಯುವ ಸ್ಪ್ಯಾಮ್ ಪ್ರೋಗ್ರಾಂಗಳಿಗೆ ಕಾಯುವ ಪುರುಸೊತ್ತಿಲ್ಲ. 2003ರಲ್ಲಿ ಇವಾನ್ ಹ್ಯಾರಿಸ್ ಈ ಉಪಾಯವನ್ನು ಬರೆದಾಗ ಅವು ಹೆಚ್ಚಾಗಿ ತಿರುಗಿ ಬರುತ್ತಲೇ ಇರಲಿಲ್ಲ. ಈಗ ಕೆಲವು ಬರುತ್ತವೆ. ಆದರೂ ಅಷ್ಟರಲ್ಲಿ ಆ ಐಪಿ ಬ್ಲಾಕ್‌ಲಿಸ್ಟ್ (ಸ್ಪ್ಯಾಮ್ ಕಳಿಸುವ ಐಪಿಗಳ ಪಟ್ಟಿ) ಸೇರಿರುವ ಸಾಧ್ಯತೆ ಜಾಸ್ತಿ. ಹಾಗಾಗಿ ಇದೊಂದನ್ನೇ ನಂಬಬೇಡಿ, ಜೊತೆಗೆ ಬ್ಲಾಕ್‌ಲಿಸ್ಟೂ ಇರಲಿ.

ಪೋಸ್ಟ್‌ಫಿಕ್ಸ್‌ಗೆ ಪೋಸ್ಟ್‌ಗ್ರೇ ಅನ್ನುವ ಗ್ರೇಲಿಸ್ಟಿಂಗ್ ಪ್ರೋಗ್ರಾಂ ಸಾಕು. ನೀವು ಬೇರೇನೂ ಬದಲಿಸದಿದ್ದರೆ ಅದು 300 ಸೆಕೆಂಡ್ ಕಾಯಿಸುತ್ತದೆ, ಒಮ್ಮೆ ಪಾಸಾದವರನ್ನು 35 ದಿನ ನೆನಪಿಡುತ್ತದೆ. ಐದು ನಿಮಿಷ ನಮ್ಮ ಲೆಕ್ಕ. ಮತ್ತೆ ಯಾವಾಗ ಬರಬೇಕು ಅನ್ನುವುದು ಕಳಿಸುವವರ ಕೈಯಲ್ಲಿದೆ, ಕೆಲವರು ಅರ್ಧ ಗಂಟೆ ಬಿಟ್ಟು ಬರುತ್ತಾರೆ. ಲಾಗಿನ್ ಆಗಿ ಮೇಲ್ ಕಳಿಸುವ ನಿಮ್ಮ ಸಿಬ್ಬಂದಿಯನ್ನು ಒಳಗೆ ಬಿಡುವ ಸಾಲಿನ ನಂತರವೇ ಇದನ್ನು ಹಾಕಿ. ಇಲ್ಲದಿದ್ದರೆ ಅವರೂ ಬಾಗಿಲಲ್ಲಿ ನಿಲ್ಲುತ್ತಾರೆ.

ನನಗೆ ಪೆಟ್ಟು ಬಿದ್ದದ್ದು ಓಟಿಪಿಯಲ್ಲಿ. ನಾನು ನೋಡಿಕೊಳ್ಳುತ್ತಿದ್ದ ಆಫೀಸಿನಲ್ಲಿ ಟೆಂಡರ್ ತುಂಬುವ ಕೊನೇ ದಿನ. ಓಟಿಪಿಗೆ ಹತ್ತು ನಿಮಿಷದ ಆಯಸ್ಸು, ಮೇಲ್ ಬಂದದ್ದು ಅದು ಮುಗಿದ ಮೇಲೆ. ಮತ್ತೆ ಕೇಳಿದರೆ ಬೇರೆ ಐಪಿಯಿಂದ ಬಂತು, ಮತ್ತೆ 450. ಅವತ್ತು ಅವರ ಮುಖ ನೋಡಲಾಗಲಿಲ್ಲ. ಅದಕ್ಕೇ ಹೇಳುತ್ತೇನೆ, ಬ್ಯಾಂಕ್, ಜಿಎಸ್‌ಟಿ, ಟೆಂಡರ್ ಸೈಟುಗಳನ್ನು ಮೊದಲೇ ವೈಟ್‌ಲಿಸ್ಟ್‌ಗೆ, ಅಂದರೆ ಕಾಯಿಸದೆ ಒಳಗೆ ಬಿಡುವವರ ಪಟ್ಟಿಗೆ ಸೇರಿಸಿ. ದಿನಾ ಆರ್ಡರ್ ಕೊಡುವ ಪುಣೆಯವರನ್ನೂ ಸೇರಿಸಿ, ಆ ಚಿಂತೆ ಅಲ್ಲಿಗೇ ಮುಗಿಯಿತು. ಬ್ಯಾಕಪ್ ಮೇಲ್ ಸರ್ವರ್ ಇದ್ದರೆ ಅಲ್ಲೂ ಗ್ರೇಲಿಸ್ಟಿಂಗ್ ಹಾಕಿ. ಮುಂಬಾಗಿಲಿಗೆ ಚಿಲಕ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟರೆ ಸ್ಪ್ಯಾಮ್ ಅಲ್ಲಿಂದ ನುಗ್ಗುತ್ತದೆ.

ನಿಜವಾಗಿ ಮೇಲ್ ತಪ್ಪುವುದು ಒಂದೇ ಕಡೆ: ಕಳಿಸುವವರ ಸರ್ವರ್ ಕೆಟ್ಟದಾಗಿದ್ದು ಎರಡನೇ ಸಲ ಬರದೇ ಇದ್ದಾಗ. ಮೊದಲ ವಾರ ದಿನಾ ಸಂಜೆ ಲಾಗ್ ತೆಗೆದು, 450 ಕೇಳಿ ಮರಳಿ ಬಾರದವರನ್ನು ನೋಡಿ. ಪರಿಚಯದ ಹೆಸರು ಕಂಡರೆ ಅವರಿಗೊಂದು ಫೋನ್ ಮಾಡಿ, ವೈಟ್‌ಲಿಸ್ಟ್‌ಗೂ ಹಾಕಿಬಿಡಿ.