ಬಂಡೆಯ ಅಂಚಿನ ಬೆಣೆ ಗುಳಿಗಳು

ಯಾದಗಿರಿ ಕೋಟೆ ಬೆಟ್ಟ ಹತ್ತಿದ ಮಕ್ಕಳು ಮೊದಲು ಓಡುವುದು ಫಿರಂಗಿ ಕಡೆಗೆ. ನಾನು ಮಾತ್ರ, ಬಂಡೆಗಳ ಅಂಚು ನೋಡ್ರಪ್ಪಾ ಅನ್ನುತ್ತೇನೆ. ಅಲ್ಲಿ ಸಾಲಾಗಿ ಗುಳಿ ಕಂಡರೆ ಕಲ್ಲು ಸೀಳಿದ್ದಾರೆ ಅಂತ ಅರ್ಥ.

ಕಲ್ಲುಕುಟಿಗರು ಗ್ರಾನೈಟನ್ನು ಸುಮ್ನೆ ಬಡಿಯುವುದಿಲ್ಲ. ಅದು ಸುಲಭವಾಗಿ ಸೀಳುವ ದಿಕ್ಕು ಒಂದಿರುತ್ತದೆ. ಅದನ್ನು ಹಿಡಿದು ಉಳಿಯಿಂದ ಗುಳಿ ತೋಡುತ್ತಾರೆ. ಪ್ರತಿ ಗುಳಿಗೂ ಕಬ್ಬಿಣದ ಬೆಣೆ ಇಟ್ಟು, ಸಾಲಿನುದ್ದಕ್ಕೂ ಒಂದೊಂದಕ್ಕೇ ಸುತ್ತಿಗೆ ಏಟು ಕೊಡುತ್ತಾ ಹೋಗುತ್ತಾರೆ. ಬಂಡೆ ಸೀಳಿದಾಗ ಪ್ರತಿ ಗುಳಿಯ ಅರ್ಧ ಆ ಕಡೆ, ಅರ್ಧ ಈ ಕಡೆ. ಪೈಪ್ ಇಳಿದಂತೆ ದುಂಡಗಿನ ಗೆರೆ ಇದ್ದರೆ ಸಾಮಾನ್ಯವಾಗಿ ಈಚಿನ ಡ್ರಿಲ್ ಕೆಲಸ. ಆದರೆ ಗುಳಿ ಒಂದನ್ನೇ ನೋಡಿ ಕಾಲ ಹೇಳಬಾರದು. ಉಳಿ, ಬೆಣೆ ಇವತ್ತಿಗೂ ನಡೆಯುತ್ತಿವೆ, ಅಲ್ವಾ?

ನಾನು ಜಾಸ್ತಿ ನಂಬುವುದು ಸುತ್ತ ಬಿದ್ದ ಚಕ್ಕೆಗಳನ್ನು, ಸೀಳು ದಾರಿ ತಪ್ಪಿದ್ದಕ್ಕೆ ಬಿಟ್ಟುಹೋದ ಕಲ್ಲನ್ನು. ಚೆನ್ನಾಗಿ ಬಂದ ಕಲ್ಲು ಗೋಡೆ ಸೇರಿತು. ಕೆಲಸ ಹೇಗೆ ನಡೆಯಿತು ಅನ್ನುವುದು ಈ ಕೆಟ್ಟ ಕಲ್ಲಿನಲ್ಲೇ ಉಳಿದಿದೆ.

ದ್ವೀಪದ ಗಣಿಯಲ್ಲಿ ಇನ್ನೊಂದು ಪ್ರಶ್ನೆ ಸೇರುತ್ತದೆ: ಕಲ್ಲನ್ನು ಆಚೆ ಸಾಗಿಸಿದ್ದು ಹೇಗೆ? ಇಂಗ್ಲೆಂಡಿನ ಲಂಡಿ ದ್ವೀಪ ಸುಮಾರು 5 ಕಿ.ಮೀ. ಉದ್ದ. ಅಲ್ಲಿ 1863ರಲ್ಲಿ ಒಂದು ಗ್ರಾನೈಟ್ ಕಂಪನಿ ಶುರುವಾಗಿ 1868ಕ್ಕೆ ಮುಚ್ಚಿತು. ಗಣಿಗಳಿರುವುದು ಪೂರ್ವದ ಮಗ್ಗುಲಲ್ಲಿ. ಪಶ್ಚಿಮಕ್ಕೆ ಅಟ್ಲಾಂಟಿಕ್ ಗಾಳಿಯ ಹೊಡೆತ ಜೋರು. ಇಳಿಜಾರಿಗೆ ಹಳಿ ಹಾಕಿ ಕಲ್ಲನ್ನು ದಡಕ್ಕೆ ಇಳಿಸುತ್ತಿದ್ದರು. ಆ ಇಳಿಜಾರು, ಕೆಲಸಗಾರರ ಮನೆ ಮತ್ತು ಆಸ್ಪತ್ರೆಯ ಪಾಳು ಗೋಡೆ ಈಗಲೂ ಇವೆ. ಅಲ್ಲಿ ಗಣಿ ಅಂದರೆ ಕಲ್ಲು ತೆಗೆದ ಹೊಂಡ ಮಾತ್ರ ಅಲ್ಲ, ದಡದವರೆಗಿನ ದಾರಿಯೆಲ್ಲ ಸೇರಿ ಗಣಿ. ಸುತ್ತ ನೀರಿದ್ದರೆ ಸಾಗಾಟ ಎಷ್ಟು ಕಷ್ಟ ಅಂತ ಕೃಷ್ಣಾ ನದಿಯ ನಡುಗಡ್ಡೆಯಾದ ನಮ್ಮ ನೀಲಕಂಠರಾಯನಗಡ್ಡಿಯವರಿಗೆ ಹೇಳಿಕೊಡಬೇಕಿಲ್ಲ. ಕೃಷ್ಣೆ ತುಂಬಿದಾಗ ಸೋರೆ ಬುರುಡೆ ಕಟ್ಟಿಕೊಂಡು ಈಜಿದವರು ಅವರು.

ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯನವರ ತಂಡ ಅಗೆದಾಗ ಸಿಕ್ಕಿದ್ದೂ ಇಂಥ ಕಲ್ಲು ಕೆಲಸದ ಜಾಗವೇ. ಅಲ್ಲಿನದು ಗ್ರಾನೈಟ್ ಅಲ್ಲ, ಸುಣ್ಣಕಲ್ಲು. ಕಾಲ ಸುಮಾರು 12 ಲಕ್ಷ ವರ್ಷ ಹಿಂದೆ ಅನ್ನುತ್ತಾರೆ. ಚಕ್ಕೆಗಳು, ಅರ್ಧಕ್ಕೆ ಬಿಟ್ಟ ಕಲ್ಲಿನ ಕೈಗೊಡಲಿಗಳು ಅಲ್ಲೇ ಬಿದ್ದಿದ್ದರಿಂದ ಅದು ಕೆಲಸದ ಜಾಗ ಅಂತ ಗೊತ್ತಾಯಿತು.

ಅದಕ್ಕೇ ಹಳೇ ಗಣಿಯ ಚಕ್ಕೆಗಳನ್ನು ಜಲ್ಲಿಗೆ ತುಂಬಿಕೊಂಡು ಹೋಗುವುದು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಮ್ಮೂರ ಬಂಡೆಯಲ್ಲಿ ಗುಳಿಸಾಲು ಕಂಡರೆ ಪಕ್ಕದಲ್ಲಿ ಒಂದು ಪೆನ್ನು ಇಟ್ಟು ಫೋಟೊ ತೆಗೆಯಿರಿ. ಗುಳಿಯ ಅಳತೆ ಗೊತ್ತಾಗುತ್ತದೆ. ಚಕ್ಕೆಗಳನ್ನು ಮಾತ್ರ ಇದ್ದಲ್ಲೇ ಬಿಡಿ.