ಮಾನಸಿಕ ಕಾಯಿಲೆ ಬೇರೆ, ಬುದ್ಧಿಮಾಂದ್ಯ ಬೇರೆ

ಕಳೆದ ವಾರ ಹುಬ್ಬಳ್ಳಿಯ ಗೆಳೆಯರೊಬ್ಬರು ಒಂದು ಫಾರ್ಮ್ ತಂದು ತೋರಿಸಿದರು. ಅವರ ತಮ್ಮನಿಗೆ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ತೀರಾ ಏರುವ, ಒಮ್ಮೆ ತೀರಾ ಕುಗ್ಗುವ ಮಾನಸಿಕ ಕಾಯಿಲೆ. ಹದಿಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದಾನೆ. ವಿಮೆ ಏಜೆಂಟ್ ಕ್ಲೇಮ್ ಫಾರ್ಮ್ ತುಂಬಿಕೊಟ್ಟಿದ್ದ. ಕಾಯಿಲೆಯ ಹೆಸರು ಕೇಳಿದ ಜಾಗದಲ್ಲಿ, ದುಂಡಗಿನ ಅಕ್ಷರದಲ್ಲಿ, 'ಬುದ್ಧಿಮಾಂದ್ಯ' ಅಂತ ಬರೆದಿದ್ದ. ಫಾರ್ಮ್ ವಾಪಸ್ ಬಂದಿತ್ತು. ಆ ಪದದ ಕೆಳಗೆ ಕೆಂಪು ಪೆನ್ನಿನ ಎರಡು ಗೆರೆ. ಹುಡುಗ ಬಿ.ಕಾಂ. ಮುಗಿಸಿದವನು, ಎಪಿಎಂಸಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಅವನಿಗೆ ಬುದ್ಧಿಮಾಂದ್ಯ ಅಂದರೆ ಯಾರು ಒಪ್ಪುತ್ತಾರೆ?

ಪೇಪರಿನಲ್ಲಿ, ಭಾಷಣದಲ್ಲಿ, ಈಗ ಫಾರ್ಮಿನಲ್ಲೂ 'ಮಾನಸಿಕ ಕಾಯಿಲೆ', 'ಬುದ್ಧಿಮಾಂದ್ಯ' ಅನ್ನುವ ಈ ಎರಡು ಪದ ಅದಲುಬದಲಾಗುವುದನ್ನು ನೋಡಿ ನೋಡಿ ಸಾಕಾಗಿದೆ.

'ಮಂದ'ದಿಂದ ಬಂದದ್ದು 'ಮಾಂದ್ಯ'. ಮಂದ ಬೆಳಕು, ಮಂದಗತಿ ಅಂತೀವಲ್ಲ, ಅದೇ ಮಂದ. ಹಸಿವು ಕುಂದಿದರೆ ಅಗ್ನಿಮಾಂದ್ಯ. ಹಾಗೆಯೇ ಬುದ್ಧಿಮಾಂದ್ಯ ಅಂದರೆ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವುದು, ಇಲ್ಲವೇ ನಡುವೆಯೇ ನಿಂತಿರುವುದು. ಚಿಕ್ಕಂದಿನಿಂದಲೇ ಇರುವ ಸ್ಥಿತಿ ಅದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಅದನ್ನು 'ಬೌದ್ಧಿಕ ಅಂಗವೈಕಲ್ಯ' ಅನ್ನುತ್ತಾರೆ, ಅದೇ ಸರಿ. ಮಾನಸಿಕ ಕಾಯಿಲೆಯ ನಡೆ ಹಾಗಲ್ಲ. ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಔಷಧಿಗೆ ಬಗ್ಗುತ್ತದೆ. ನಮ್ಮ ಕಡೆ ಜ್ವರ ಬಂದು ಮಲಗಿದವರನ್ನು 'ಜಡ್ಡು ಬಿದ್ದಾನ' ಅಂತಾರೆ, ಫೋನಿನಲ್ಲಿ ಕೇಳಿದರೆ 'ಆರಾಮಿಲ್ರಿ' ಅಂತಾರೆ. ಎಷ್ಟು ಒಳ್ಳೆಯ ಮಾತು ಇದು! ಅದೇ ಮನಸ್ಸಿಗೆ ಆರಾಮಿಲ್ಲದಿದ್ದರೆ ಮಾತು ಬದಲಾಗುತ್ತದೆ. 'ತಲಿ ಕೆಟ್ಟೈತಿ, ಧಾರವಾಡಕ್ಕ ಕಳಸ್ರಿ' ಅನ್ನುತ್ತಾರೆ. ಧಾರವಾಡದಲ್ಲಿ ಬ್ರಿಟಿಷರ ಕಾಲದಿಂದ ಮಾನಸಿಕ ಆಸ್ಪತ್ರೆ ಇದೆ, ಇವತ್ತು ಅದು ಡಿಮ್ಹಾನ್ಸ್ (ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ). ಸಾವಿರಾರು ಜನ ಗುಣವಾಗಿ ಮನೆಗೆ ಹೋದ ಜಾಗದ ಹೆಸರನ್ನು ಬೈಗುಳ ಮಾಡಿಕೊಂಡಿದ್ದೇವೆ. ನನಗೆ ಇದು ನಿಜವಾಗಿ ನೋವು ಕೊಡುತ್ತದೆ.

ಇನ್ನು ಕಾನೂನು. 1912ರ ಕಾಯ್ದೆಯ ಹೆಸರಿನಲ್ಲೇ 'ಲೂನಸಿ', ಅಂದರೆ ಹುಚ್ಚು, ಅನ್ನುವ ಪದ ಇತ್ತು. 1987ರ ಕಾಯ್ದೆ ಆ ಪದ ಬಿಟ್ಟಿತು, ಆದರೆ ಕಾಯಿಲೆ ಅಂದರೇನು ಅಂತ ಬಿಡಿಸಿ ಹೇಳಲಿಲ್ಲ. ಬಿಡಿಸಿ ಹೇಳಿದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಅದು ಜಾರಿಗೆ ಬಂದದ್ದು 2018ರ ಮೇ 29ರಂದು. ಅದರ ಪ್ರಕಾರ ಯೋಚನೆ, ಭಾವನೆ, ಗ್ರಹಿಕೆ, ಸ್ಥಳ-ಕಾಲದ ಅರಿವು ಅಥವಾ ನೆನಪು ಗಣನೀಯವಾಗಿ ಏರುಪೇರಾಗಿರಬೇಕು. ಅದರಿಂದ ತೀರ್ಮಾನ, ನಡವಳಿಕೆ, ವಾಸ್ತವ ಗುರುತಿಸುವ ಶಕ್ತಿ ಅಥವಾ ದಿನನಿತ್ಯದ ಬದುಕು ನಿಭಾಯಿಸುವ ಶಕ್ತಿ ತೀರಾ ಕುಂದಿರಬೇಕು. ಇಲ್ಲಿ 'ಅಥವಾ' ಅನ್ನುವ ಪದಕ್ಕೆ ಬೆಲೆ ಜಾಸ್ತಿ. ಎಲ್ಲವೂ ಕೆಡಬೇಕಿಲ್ಲ. ಮಾತು ಸರಿಯಿದೆ, ಲೆಕ್ಕ ಸರಿಯಿದೆ, ಆದರೆ ಮೂರು ವಾರದಿಂದ ಹಾಸಿಗೆಯಿಂದ ಎದ್ದು ಸ್ನಾನ ಮಾಡಲು ಆಗುತ್ತಿಲ್ಲ ಅನ್ನುವ ಖಿನ್ನತೆಯೂ ಇದರೊಳಗೆ ಬರಬಹುದು. ಕುಡಿತ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಯೂ ಬರುತ್ತದೆ. ಬುದ್ಧಿಮಾಂದ್ಯ ಮಾತ್ರ ಬರುವುದಿಲ್ಲ ಅಂತ ಅದೇ ವಾಕ್ಯದ ಕೊನೆಗೆ ಸ್ಪಷ್ಟವಾಗಿ ಬರೆದಿದ್ದಾರೆ.

ವಿಮೆಯ ಮಾತು ಬರುವುದು ಇದೇ ಕಾಯ್ದೆಯ 21ನೇ ಸೆಕ್ಷನ್ನಿನಲ್ಲಿ. ದೈಹಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತೀರೋ ಮಾನಸಿಕ ಕಾಯಿಲೆಗೂ ಅದೇ ಆಧಾರದ ಮೇಲೆ ಕೊಡಿ ಅನ್ನುತ್ತದೆ ಅದು. ಈ ಹಕ್ಕು ಸಿಗುವುದು 'ಮಾನಸಿಕ ಕಾಯಿಲೆ' ಅನ್ನುವ ಪದಕ್ಕೆ. ಏಜೆಂಟ್ ಸುಮ್ನೆ ಬರೆದ ಒಂದು ಪದ ಹುಡುಗನನ್ನು ಆ ವಾಕ್ಯದಿಂದಲೇ ಹೊರಗೆ ಹಾಕಿತು, ಅಲ್ವಾ? ಹಾಗಂತ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ದಾರಿಯೇ ಇಲ್ಲ ಅಂತಲ್ಲ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಯೋಜನೆಯಲ್ಲಿ ಅವರಿಗೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ಪದ ಅದಲುಬದಲಾದರೆ ಇವರೂ ತಪ್ಪು ಬಾಗಿಲು ಬಡಿಯುತ್ತಾರೆ.

'ಅದೇ ಆಧಾರ' ಅಂದರೆ ಎಲ್ಲಾ ಖರ್ಚೂ ಸಿಗುತ್ತದೆ ಅಂತ ತಿಳಿಯುವವರೂ ಇದ್ದಾರೆ. ಹಾಗಲ್ಲ. ನಿಮ್ಮ ಪಾಲಿಸಿ ಶುಗರ್‌ನ ಹೊರರೋಗಿ ಖರ್ಚು ಕೊಡದಿದ್ದರೆ ಖಿನ್ನತೆಯ ಕೌನ್ಸೆಲಿಂಗ್ ಖರ್ಚನ್ನೂ ಕೊಡುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಎರಡಕ್ಕೂ ಒಂದೇ. ಒಂದು ವಿಷಯಕ್ಕೆ ಮಾತ್ರ ನನ್ನ ತಕರಾರಿದೆ. ಕಾಯ್ದೆ ಕುಡಿತದ ಮಾನಸಿಕ ಸ್ಥಿತಿಯನ್ನು ಒಳಗೆ ತಂದಿದೆ, ಪಾಲಿಸಿಗಳ ಮಾಮೂಲಿ ಹೊರಗಿಡುವ ಪಟ್ಟಿಯಲ್ಲಿ ಕುಡಿತದ ಚಟದ ಚಿಕಿತ್ಸೆ ಈಗಲೂ ಇದೆ. ಇದು ಸರಿಯಲ್ಲ.

ಇನ್ನೊಂದು ಭಯ ಜನರಲ್ಲಿದೆ. ಕಾಯಿಲೆ ಅಂತ ಕಾಗದದ ಮೇಲೆ ಬಂದರೆ 'ಹುಚ್ಚ' ಅಂತ ಮುದ್ರೆ ಬಿದ್ದಂತೆ, ನಾಳೆ ಆಸ್ತಿಗೆ ಸಹಿ ಹಾಕಲೂ ಬಿಡುವುದಿಲ್ಲ ಅಂತ. ಆದರೆ 2017ರ ಕಾಯ್ದೆಯ 3ನೇ ಸೆಕ್ಷನ್ ಇದಕ್ಕೆ ನೇರ ಉತ್ತರ ಕೊಟ್ಟಿದೆ. ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಆ ವ್ಯಕ್ತಿ ಅಸ್ವಸ್ಥಚಿತ್ತ ಅಂತ ಆಗುವುದಿಲ್ಲ, ಅದನ್ನು ಹೇಳಬೇಕಾದ್ದು ಕೋರ್ಟು. ಹಿಂದೆ ಯಾವಾಗಲೋ ಆಸ್ಪತ್ರೆ ಸೇರಿದ್ದ ಅನ್ನುವುದೊಂದೇ ಕಾರಣಕ್ಕೆ ಈಗಲೂ ಕಾಯಿಲೆ ಇದೆ ಅನ್ನುವಂತಿಲ್ಲ. ಬಡವ, ಅಲೆಮಾರಿ, ಊರಿನ ರೀತಿಗೆ ಹೊಂದದವನು ಅಂತಲೂ ಕಾಯಿಲೆ ಹೊರಿಸುವಂತಿಲ್ಲ. ಹಳೇ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ ಅಪರಿಚಿತನಿಗೆಲ್ಲ 'ಮಾನಸಿಕ ಅಸ್ವಸ್ಥ' ಅಂತ ಹೆಡ್ಡಿಂಗ್ ಕೊಡುವವರು ಇದನ್ನು ಓದಬೇಕು. ಕಾಯಿಲೆ ಯಾವುದು ಅಂತ ಹೇಳಬೇಕಾದ್ದು ವೈದ್ಯಕೀಯ ಮಾನದಂಡ, ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯೂ ಅದರಲ್ಲಿ ಸೇರಿದೆ.

ಗೆಳೆಯರ ಫಾರ್ಮ್ ಮೊನ್ನೆ ಮತ್ತೆ ಹೋಯಿತು. ಈ ಸಲ ನಾವೇ ಕೂತು ತುಂಬಿದೆವು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಡಾಕ್ಟರ್ ಬರೆದ ಕಾಯಿಲೆಯ ಹೆಸರು ಮತ್ತು ಕೋಡನ್ನು ಅಕ್ಷರಕ್ಕೆ ಅಕ್ಷರ ಇಳಿಸಿ, ಕೆಳಗೆ 21ನೇ ಸೆಕ್ಷನ್ ಅಂತ ಬರೆದೆವು. ಕಂಪನಿ ಮತ್ತೆ ಇಲ್ಲ ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಬೆಂಗಳೂರಿನ ವಿಮಾ ಲೋಕಪಾಲರಿಗೆ (ಒಂಬುಡ್ಸ್‌ಮನ್) ದೂರು ಕೊಡುವುದು ಅಂತ ಮಾತಾಗಿದೆ. ಅದಕ್ಕೆ ಶುಲ್ಕ ಇಲ್ಲ. ನಿರಾಕರಿಸಿದ ದಿನದಿಂದ 1 ವರ್ಷದೊಳಗೆ ಕೊಡಬೇಕು.